ಬೆಟ್ಟಾ ಮೀನಿನ ಬಾಲ ಹರಿಲತ್ತದ, ನೀರು 34 ಡಿಗ್ರಿ: ಏನು ಮಾಡಬೇಕು?

ತೊಗರಿಕಣಜ (ಕಲಬುರಗಿ):
ಗಂಡು ಬೆಟ್ಟಾ, ಹಾಫ್‌ಮೂನ್ (ಅರ್ಧಚಂದ್ರದಂಥ ಅಗಲ ಬಾಲದ್ದು). 3 ಲೀಟರಿನ ಗಾಜಿನ ಬೌಲಿನಾಗ ಅದ, ಫಿಲ್ಟರ್ ಇಲ್ಲ. ಬೋರ್ ನೀರು, ಟಿಡಿಎಸ್ (ನೀರಿನಾಗ ಕರಗಿದ ಉಪ್ಪು-ಸುಣ್ಣದ ಅಳತೆ) 900. ವಾರಕ್ಕೊಮ್ಮೆ ಪೂರಾ ನೀರು ಚೆಲ್ಲಿ, ಬೌಲ್ ತೊಳದು ಹೊಸಾ ನೀರು ಹಾಕ್ತೀನಿ. ಈಗ ಬಾಲದ ಅಂಚು ಕರ್ರಗಾಗಿ ಹರಿಲತ್ತದ. ಮಧ್ಯಾಹ್ನ ಬುಡಕ್ಕ ಬಿದ್ದಿರ್ತದ, ಆಗಾಗ ಮ್ಯಾಲ ಬಂದು ಗಾಳಿ ನುಂಗ್ತದ. ಅಂಗಡ್ಯಾಗ ನೀಲಿ ಔಷಧ ಕೊಟ್ಟಾರ, ಹಾಕಲೇನ್ರಿ? ಐಸ್ ಹಾಕಿದ್ರ ನಡೀತದೇನು?

ಕಗ್ಗಲ್ಲು:
ಐಸ್ ಬ್ಯಾಡ್ರಿ. 3 ಲೀಟರಿಗೆ ನಾಲ್ಕೈದು ತುಂಡು ಬಿದ್ರ ಒಮ್ಮೆಲೇ ಮೂರು ಡಿಗ್ರಿ ಇಳೀತದ, ಆಮ್ಯಾಲ ಮತ್ತ ಏರ್ತದ. ಆ ಏರಿಳಿತಾನೇ ಮೀನಿಗೆ ಹೊಡೆತ. ಮ್ಯಾಲ ಬಂದು ಗಾಳಿ ನುಂಗೋದು ರೋಗ ಅಲ್ಲ. ಬೆಟ್ಟಾಕ್ಕ ಕಿವಿರಿನ ಜೋಡಿ ಗಾಳಿಯಿಂದಲೇ ಉಸಿರೆಳೆಯೋ ಲ್ಯಾಬಿರಿಂತ್ ಅಂಗ ಅದ, ಹೊರಗಿನ ಗಾಳಿ ಅದಕ್ಕ ಬೇಕೇ ಬೇಕು.

ಖರೇ ವೈರಿ ಅಮೋನಿಯಾ. ಮೀನಿನ ಹೊಲಸು, ಉಳಿದ ಕಾಳು ಕೊಳೆತು ಅದು ಆಗ್ತದ. ಅದನ್ನ ತಿನ್ನೋ ಬ್ಯಾಕ್ಟೀರಿಯಾ ಸ್ಪಂಜಿನಾಗ, ಕಲ್ಲಿನ ಮ್ಯಾಲ ಬೆಳೀತಾವ. ವಾರಾ ತಿಕ್ಕಿ ತೊಳದ್ರ ಎಲ್ಲಿ ಉಳೀತಾವ? ಮ್ಯಾಲ ನಮ್ಮ ಬೋರ್ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ). 7 ಇದ್ದದ್ದು 8 ಆದ್ರ ಅಮೋನಿಯಾದ ವಿಷದ ಪಾಲು ಹತ್ತು ಪಟ್ಟಿನ ಹತ್ರ ಹೋಗ್ತದ, ಬಿಸಿ ಏರಿದ್ರ ಇನ್ನೂ ಹೆಚ್ಚು.

20 ಲೀಟರಿನ ಟ್ಯಾಂಕ್, ಗಾಳಿ ಪಂಪಿನಿಂದ ನಡೆಯೋ ಸಣ್ಣ ಸ್ಪಂಜ್ ಫಿಲ್ಟರ್ ತರ್ರಿ. ಹಾಫ್‌ಮೂನ್ ಬಾಲ ಭಾರ, ಹರಿವಿಗೆ ಎದುರಾಗಿ ಈಜಲಿಕ್ಕೆ ಆಗಲ್ಲ; ವಾಲ್ವ್ ತಿರುವಿ ಗುಳ್ಳೆ ಕಡಿಮೆ ಮಾಡ್ರಿ. ಬ್ಯಾಕ್ಟೀರಿಯಾ ನಿಲ್ಲಲಿಕ್ಕೆ 4ರಿಂದ 6 ವಾರ ಬೇಕು. ಅಲ್ಲೀ ತನ ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸ್ರಿ. ಸ್ಪಂಜ್ ನಳದ ಕೆಳಗ ತೊಳೀಬ್ಯಾಡ್ರಿ, ಟ್ಯಾಂಕಿನಿಂದ ತೆಗೆದ ನೀರಾಗೇ ಹಿಂಡ್ರಿ. ಕಾಳು ಹೊತ್ತಿಗೆ ಮೂರು-ನಾಲ್ಕು, ದಿನಕ್ಕ ಎರಡು ಸಲ, ವಾರಕ್ಕೊಂದಿನ ಉಪವಾಸ.

ಬೀದರ್_ನೀರು:
ಬಿಸಿಗೆ ಸಣ್ಣ ಫ್ಯಾನ್ ಸಾಕು, ನೀರಿನ ಮ್ಯಾಲ ಓರೆಯಾಗಿ ಬೀಸಬೇಕು. ನಮ್ಮ ಕಡೆ ಬ್ಯಾಸಿಗಿ ಗಾಳಿ ಒಣಾ, ನೀರು ಜೋರು ಆವಿಯಾಗ್ತದ, ಅದಕ್ಕ ಎರಡರಿಂದ ನಾಲ್ಕು ಡಿಗ್ರಿ ತಾನೇ ಇಳೀತದ. ಗುರಿ 26ರಿಂದ 28; 34ರಿಂದ ಪೂರಾ ಅಲ್ಲೀ ತನ ಇಳೀದಿದ್ರೂ ಅದರ ಕಡೆ ಬರ್ತದ.

ಇಲ್ಲೇ ಎಡವೋರು ಬಾಳ. ನೀರು ಹೋಗ್ತದ, ಉಪ್ಪು-ಸುಣ್ಣ ಹೋಗಲ್ಲ. ಕಡಿಮೆ ಆದಷ್ಟಕ್ಕೂ ಬೋರ್ ನೀರೇ ಹಾಕ್ತಾ ಹೋದ್ರ 900 ಇದ್ದದ್ದು ತಿಂಗಳಾಗೇ ಎಲ್ಲೋ ಹೋಗ್ತದ. ಆವಿಯಾದಷ್ಟಕ್ಕ ಆರ್‌ಒ ನೀರು ಹಾಕ್ರಿ. ನೀರು ಬದಲಿಸೋವಾಗ ಬರೇ ಆರ್‌ಒ ಬ್ಯಾಡ, ಪಿಎಚ್ ಹಿಡಿಯೋ ಶಕ್ತಿ ಅದರಾಗ ಇರಲ್ಲ. ಒಂದು ಪಾಲು ಬೋರ್, ಎರಡು ಪಾಲು ಆರ್‌ಒ ಕೂಡಿಸಿದ್ರ ಟಿಡಿಎಸ್ 330ರ ಆಸುಪಾಸು ಬರ್ತದ. ಒಮ್ಮೆಲೇ ಅಷ್ಟಕ್ಕ ಇಳಿಸಬ್ಯಾಡ್ರಿ, ಎರಡು-ಮೂರು ವಾರ ಹಿಡೀಲಿ. ನಗರಪಾಲಿಕೆ ನಳದ ನೀರಾದ್ರ ಮೊದಲು ಆಂಟಿ-ಕ್ಲೋರಿನ್ (ಕ್ಲೋರಿನ್ ತೆಗೆಯೋ ಔಷಧ) ಹಾಕ್ರಿ.

(ಬೀದರಿನ ಡಿಸೆಂಬರ್ ರಾತ್ರಿಗೆ ಇದೇ ಟ್ಯಾಂಕಿಗೆ 25 ವ್ಯಾಟ್ ಹೀಟರ್ ಬೇಕು. ನೀರು ತೆಗೆಯೋ ಮುಂಚೆ ಪ್ಲಗ್ ತೆಗೀರಿ, ಇಲ್ಲಂದ್ರ ಹೀಟರಿನ ಗಾಜು ಸಿಡೀತದ.)

ತೊಗರಿಕಣಜ:
ಟ್ಯಾಂಕ್ ನಾಳೆ ತರ್ತೀನ್ರಿ. ನೀಲಿ ಔಷಧ ಬಿಡ್ಲೇನು ಹಂಗಾರ? ಫ್ಯಾನ್ ಹಚ್ಚಿದ್ರ ಮುಚ್ಚಳ ಹೆಂಗ?

ಕಗ್ಗಲ್ಲು:
ಅದು ಮೆಥಿಲೀನ್ ಬ್ಲೂ ಇರಬೇಕು. ಟ್ಯಾಂಕಿಗೆ ಹಾಕಿದ್ರ ಬೆಳೆಸಿದ ಬ್ಯಾಕ್ಟೀರಿಯಾಕ್ಕೇ ಪೆಟ್ಟು, ಸಿಲಿಕಾನ್ ಅಂಚೂ ನೀಲಿ ಆಗ್ತದ. ಮೊದಲು ಒಂದು ವಾರ ಬರೇ ಸ್ವಚ್ಛ ನೀರು. ಸುಧಾರಿಸದಿದ್ರ ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರಿಗೆ 1 ಗ್ರಾಂ, ಬೇರೆ ಪಾತ್ರ್ಯಾಗ ಕರಗಿಸಿ ಹಾಕ್ರಿ. ಹತ್ತು ದಿನ ಮೀರಬಾರದು. ನೀರು ಬದಲಿಸಿದಷ್ಟಕ್ಕ ಮಾತ್ರ ಮತ್ತ ಉಪ್ಪು, ಆವಿಯಾದದ್ದಕ್ಕ ಇಲ್ಲ. ಒಣಗಿ ಕಂದಾದ ಕಾಡುಬಾದಾಮಿ ಎಲಿ 20 ಲೀಟರಿಗೆ ಒಂದು ಹಾಕಬಹುದು. ನೀರು ಚಹಾ ಬಣ್ಣ ಆದ್ರ ಹೆದರಬ್ಯಾಡ್ರಿ.

ದಿನಾ ಟಾರ್ಚ್ ಹಿಡಿದು ಬಾಲದ ಅಂಚು ನೋಡ್ರಿ. ತೆಳ್ಳಗ, ಬಣ್ಣ ಇಲ್ಲದ ಪೊರೆ ಕಂಡ್ರ ಹೊಸದು ಬೆಳೀಲತ್ತದ ಅಂತ. ಬಾಲ ಕೆಂಪಾಗಿ ಆ ಕೆಂಪು ಮೈ ಕಡೆ ಏರಿದ್ರ ಉಪ್ಪಿಗೆ ಬಗ್ಗಲ್ಲ, ಪಶುವೈದ್ಯರನ್ನ ಕೇಳಿ ಆಂಟಿಬಯಾಟಿಕ್ ಬೇಕಾಗ್ತದ. ಮೈಮ್ಯಾಲ ಬಂಗಾರದ ಪುಡಿ ಉದುರಿಸಿದಂಗ ಕಂಡ್ರ ಅದು ವೆಲ್ವೆಟ್, ಬೇರೆ ರೋಗ.

ಬೀದರ್_ನೀರು:
ಗಾಜಿನ ಮುಚ್ಚಳ ಹಾಕಿದ್ರ ಆವಿ ಹೊರಗ ಹೋಗಲ್ಲ, ಫ್ಯಾನ್ ದಂಡ. ಸೊಳ್ಳಿ ಪರದೆ ತುಂಡು ಬಿಗಿಯಾಗಿ ಕಟ್ರಿ, ಬೆಟ್ಟಾ ಜಿಗೀತದ. ನೀರು ಅಂಚಿನಿಂದ ಎರಡು ಇಂಚು ಕೆಳಗೇ ಇರ್ಲಿ.