ಹೆಡ್‌ಲೆಸ್ ಬೇಸ್ ವೇದಿಕೆಗೆ ಸಲ್ಲುತ್ತದೆಯೇ?

ಕುಲಶೇಖರ ಬೇಸ್
ನಮ್ಮ ತಂಡ ಮದುವೆಗಳಲ್ಲಿ, ಚರ್ಚ್ ಹಬ್ಬಗಳಲ್ಲಿ ನುಡಿಸುತ್ತದೆ. ನಾನು ಹೆಡ್‌ಲೆಸ್ ಬೇಸ್, ಅಂದರೆ ತುದಿಯಲ್ಲಿ ಕೀಗಳಿರುವ ತಲೆಭಾಗವೇ ಇಲ್ಲದ ಬೇಸ್ ಗಿಟಾರ್, ತೆಗೆದುಕೊಂಡಂದಿನಿಂದ ತಂಡದಲ್ಲಿ ಒಂದೇ ಚರ್ಚೆ. "ಅರ್ಧಕ್ಕೆ ಮುರಿದ ಹಾಗೆ ಕಾಣುತ್ತದೆ, ಅದನ್ನು ಹಿಡಿದುಕೊಂಡು ವೇದಿಕೆಗೆ ಬರಬೇಡ" ಎಂದು ಗಾಯಕರು ಹಟ ಹಿಡಿದಿದ್ದಾರೆ. ರಿಸೆಪ್ಷನ್ ಮುಗಿಯುವ ತನಕ ನಿಂತು ನುಡಿಸುವವನು ನಾನು. ಹಳೆಯ ಬೇಸ್‌ನಲ್ಲಿ ಎಡಗೈಯ ಅರ್ಧ ಶಕ್ತಿ ನೆಕ್ (ಉದ್ದನೆಯ ಕತ್ತಿನ ಭಾಗ) ಕೆಳಗೆ ಜಗ್ಗದಂತೆ ಎತ್ತಿ ಹಿಡಿಯುವುದಕ್ಕೇ ಹೋಗುತ್ತಿತ್ತು. ಇದನ್ನು ಕೈಬಿಟ್ಟರೂ ಇದ್ದಲ್ಲೇ ಇರುತ್ತದೆ. ಬರೀ ನೋಟಕ್ಕಾಗಿ ಇದನ್ನು ಮನೆಯಲ್ಲಿಡಬೇಕೇ?

ಉಡುಪಿ ಹಳೆ ಗಿಟಾರ್
ನೋಟಕ್ಕೆ "ಬರೀ" ಎಂಬ ಮಾತು ಸೇರಿಸಬೇಡಿ. ವೀಣೆಯ ತುದಿಯಲ್ಲಿರುವ ಯಾಳಿಮುಖವನ್ನು ನೋಡಿ. ಅದಿಲ್ಲದಿದ್ದರೂ ತಂತಿ ನುಡಿಯುತ್ತದೆ. ಆದರೂ ಅದನ್ನು ಕೊಯ್ದು ವೀಣೆಯನ್ನು ಹಗುರ ಮಾಡೋಣ ಎಂದ ವೈಣಿಕರನ್ನು ನಾನು ಕಂಡಿಲ್ಲ. ಗಿಟಾರಿಗೂ ಹಾಗೆಯೇ. ಫೆಂಡರ್ ಕಂಪನಿಯ ಗಿಟಾರಿನಲ್ಲಿ ಒಂದೇ ಸಾಲಿಗೆ ಶ್ರುತಿ ಮಾಡುವ ಆರು ಕೀಗಳು, ಗಿಬ್ಸನ್‌ನಲ್ಲಿ ಆ ಕಡೆ ಮೂರು ಈ ಕಡೆ ಮೂರು. ಸಭಾಂಗಣದ ಕೊನೆಯ ಕುರ್ಚಿಯಲ್ಲಿ ಕುಳಿತವರಿಗೂ ಯಾವ ವಾದ್ಯ ಎಂದು ತಿಳಿಯುತ್ತದೆ. ಹೆಡ್‌ಲೆಸ್ ತಯಾರಕರು ಆ ಗುರುತನ್ನೇ ಅಳಿಸಿಬಿಟ್ಟಿದ್ದಾರೆ.

ಇನ್ನೊಂದು ಮಾತು. ಹಾಡು ಮುಗಿಸುವಾಗ ನಾನು ಗಿಟಾರಿನ ತಲೆಯನ್ನು ಎತ್ತಿ ಇಳಿಸಿ ಡ್ರಮ್ಸ್‌ನವರಿಗೆ ಸನ್ನೆ ಕೊಡುತ್ತೇನೆ. ಸದ್ದಿನ ನಡುವೆ ಬೇರೆ ಯಾವ ಸನ್ನೆಯೂ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಮಣಿಪಾಲ ಏಳು ತಂತಿ
ಸರ್, ಗುರುತು ಅಳಿಸಿಹೋಗಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಹೆಡ್‌ಲೆಸ್ ಬೇಸ್ ರೂಪಿಸಿದ ನೆಡ್ ಸ್ಟೈನ್‌ಬರ್ಗರ್ ಮೂಲತಃ ಪೀಠೋಪಕರಣ ವಿನ್ಯಾಸಕಾರ. 1977ರ ಹೊತ್ತಿಗೆ ಸ್ಪೆಕ್ಟರ್ ಕಂಪನಿಗೆ ಬಾಗಿದ ಮೈಯ ಎನ್‌ಎಸ್ ಬೇಸ್ ಮಾಡಿಕೊಟ್ಟರು. ಬೇಸ್‌ನ ತಲೆಭಾರ ಅವರನ್ನು ಕಾಡಿತು. ಕೀಗಳನ್ನು ಬ್ರಿಡ್ಜಿನ (ಮೈಮೇಲೆ ತಂತಿಗಳು ಕೂರುವ ಲೋಹದ ಭಾಗ) ಹಿಂದಕ್ಕೆ ತಂದರು, ಮರವನ್ನೂ ಬಿಟ್ಟು ಕಾರ್ಬನ್ ನಾರು ಮತ್ತು ಎಪಾಕ್ಸಿಯಲ್ಲಿ ಇಡೀ ವಾದ್ಯವನ್ನು ಎರಕ ಹೊಯ್ದರು. ಹಾಗೆ ಬಂದದ್ದು ಎಲ್2 ಎಂಬ ಬೇಸ್. ದೋಣಿಯ ಹುಟ್ಟಿನಂತಿರುವ ಆ ಆಕಾರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಪೊಲೀಸ್ ತಂಡದ ಸ್ಟಿಂಗ್, ರಷ್ ತಂಡದ ಗೆಡ್ಡಿ ಲೀ ಇದೇ ಬಗೆಯ ಬೇಸ್ ಹಿಡಿದು ವೇದಿಕೆ ಏರಿದರು. ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ ಸ್ಟೈನ್‌ಬರ್ಗರ್ ಗಿಟಾರ್ ನುಡಿಸಿದರು. 1987ರಲ್ಲಿ ಸ್ಟೈನ್‌ಬರ್ಗರ್ ಕಂಪನಿಯನ್ನು ಕೊಂಡದ್ದು ಬೇರೆ ಯಾರೂ ಅಲ್ಲ, ನೀವು ಮೆಚ್ಚುವ ಗಿಬ್ಸನ್.

ಈಗಿನ ಪೀಳಿಗೆಗೆ ಇದನ್ನು ಮತ್ತೆ ಹತ್ತಿರ ತಂದವರು ಸ್ವೀಡನ್ನಿನ ಗಿಟಾರ್ ತಯಾರಕ ಓಲಾ ಸ್ಟ್ರಾಂಡ್‌ಬರ್ಗ್. ಆಮೇಲೆ ಐಬನೆಜ್ ಕಂಪನಿ 2020ರಲ್ಲಿ ಇಎಚ್‌ಬಿ ಬೇಸ್‌ಗಳನ್ನು, ಮರುವರ್ಷ ಕ್ಯೂ ಸರಣಿಯ ಗಿಟಾರ್‌ಗಳನ್ನು ತಂದಿತು. ನಮ್ಮ ಹಾಸ್ಟೆಲಿನ ಹುಡುಗರಿಗೆ ತಲೆಯಿರುವ ಗಿಟಾರೇ ಹಳೆಯ ಕಾಲದ್ದಾಗಿ ಕಾಣುತ್ತದೆ.

ಮಲ್ಪೆ ಅಲೆ
ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸಂಜೆ ಆರಕ್ಕೆ ಬೇಸ್ ಹೊತ್ತುಕೊಂಡು ಹತ್ತಿ ನೋಡಿ, ಆಮೇಲೆ ಸೌಂದರ್ಯದ ಮಾತು ಆಡೋಣ. ಬೆನ್ನಿಗೆ ಹಾಕಿದರೆ ಚೀಲದ ತುದಿ ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ, ಒಳಗೆ ಬಂದರೆ ಯಾರದೋ ಕನ್ನಡಕಕ್ಕೆ ತಾಗುತ್ತದೆ, ಕಂಡಕ್ಟರ್ "ಅದನ್ನು ಇಳಿಸಿ" ಎಂದು ಗದರುತ್ತಾರೆ. ತಂತಿಯ ಅಳತೆ ಎರಡರಲ್ಲೂ ಅದೇ 34 ಇಂಚು, ಕಡಿಮೆಯಾಗುವುದು ಆಚೆಗಿನ ತಲೆಯ ಉದ್ದ ಮಾತ್ರ. ಆದರೆ ಬಸ್ಸಿನಲ್ಲಿ ತೊಂದರೆ ಕೊಡುವುದು ಆ ತಲೆಯೇ. ನನ್ನಂತೆ ಗಿಡ್ಡ ಇರುವ ಹೆಂಗಸರಿಗೆ ಮೊದಲ ಫ್ರೆಟ್‌ಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೈ ಚಾಚುವಾಗ ತುದಿಯಲ್ಲಿ ಭಾರವಿಲ್ಲದಿರುವುದು ದೊಡ್ಡ ಉಪಕಾರ.

ಬಿಜೈ ವರ್ಕ್‌ಶಾಪ್
ತಂತಿವಾದ್ಯ ರಿಪೇರಿ ನನ್ನ ಕಸುಬು. ಇಲ್ಲಿ ಎರಡು ಬೇರೆ ಬೇರೆ ಗುಣಗಳನ್ನು ಒಂದೇ ಗಂಟಿಗೆ ಕಟ್ಟುತ್ತಿದ್ದೀರಿ ಮಾರಾಯರೇ. ಅದನ್ನು ಬಿಚ್ಚಲೇಬೇಕು.

ತಲೆ ತೆಗೆದದ್ದರಿಂದ ಸಿಗುವುದು ಸಮತೋಲ, ಗಿಡ್ಡ ಅಳತೆ, ಮತ್ತು ನಟ್ಟಿನ (ನೆಕ್ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ಸಣ್ಣ ಪಟ್ಟಿ) ಬಳಿ ಕಡಿಮೆ ಘರ್ಷಣೆ. ಮಾಮೂಲು ಗಿಟಾರಿನಲ್ಲಿ ತಂತಿಯನ್ನು ಎಳೆದು ಬಿಟ್ಟಾಗ ಅದು ನಟ್ಟಿನ ಸೀಳಿನಲ್ಲಿ ಜಾರುತ್ತದೆ, ಕೆಲವೊಮ್ಮೆ ಪೂರ್ತಿ ಹಿಂದಕ್ಕೆ ಬರದೆ ಸಿಕ್ಕಿಕೊಳ್ಳುತ್ತದೆ. ಶ್ರುತಿ ತಪ್ಪುವುದು ಹೆಚ್ಚಾಗಿ ಅಲ್ಲಿ. ಹೆಡ್‌ಲೆಸ್‌ನಲ್ಲಿ ತಂತಿಯ ಆ ತುದಿ ಅಲ್ಲೇ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಆಚೆಗೆ ಜಾರಲು ತಂತಿಯೇ ಉಳಿದಿರುವುದಿಲ್ಲ. ಇದು ನಿಜವಾದ ಲಾಭ.

ಆದರೆ ಎಲ್2 ಹವೆಗೆ ಜಗ್ಗದೆ ನಿಂತದ್ದು ತಲೆ ಇಲ್ಲದ್ದರಿಂದ ಅಲ್ಲ, ಕಾರ್ಬನ್‌ನಿಂದ. ಇಂದು ಅಂಗಡಿಗೆ ಬರುವ ಹೆಡ್‌ಲೆಸ್‌ಗಳಲ್ಲಿ ಹೆಚ್ಚಿನವುಗಳ ನೆಕ್ ಮರದ್ದೇ. ಜೂನ್‌ನಲ್ಲಿ ಮಳೆ ಹಿಡಿದು ಆಟಿ (ಜುಲೈ–ಆಗಸ್ಟ್) ತಿಂಗಳು ಕಳೆಯುವ ಹೊತ್ತಿಗೆ ಆ ಮರ ತೇವ ಕುಡಿದು ಬಾಗುತ್ತದೆ, ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ. ತಲೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನೆಕ್ ಒಳಗಿನ ಬಾಗು ತಿದ್ದುವ ಕಂಬಿ, ಟ್ರಸ್ ರಾಡ್, ತಿರುಗಿಸಲೇಬೇಕು. "ಹೆಡ್‌ಲೆಸ್ ತೆಗೆದುಕೊಂಡರೆ ಮಳೆಗಾಲದ ಚಿಂತೆಯಿಲ್ಲ" ಎಂದು ಮಾರುವವರ ಮಾತನ್ನು ನಂಬಬೇಡಿ.

ಕರಾವಳಿಯಲ್ಲಿ ನಾನು ಹೆದರುವುದು ಬ್ರಿಡ್ಜಿಗೆ. ಹಿಂಬದಿಯ ಗುಂಡಿ ತಿರುಗಿಸಿದರೆ ಒಳಗೊಂದು ಸಣ್ಣ ತಿರುಪು ತಂತಿಯ ಕೊನೆಯನ್ನು ನೇರವಾಗಿ ಹಿಂದಕ್ಕೆ ಎಳೆಯುತ್ತದೆ. ಅದು ಇರುವುದು ಸರಿಯಾಗಿ ಅಂಗೈಯ ಬೆವರು ಇಳಿಯುವ ಜಾಗದಲ್ಲಿ, ಜೊತೆಗೆ ಉಪ್ಪುಗಾಳಿ. ಅಗ್ಗದ ಬ್ರಿಡ್ಜ್‌ಗಳಲ್ಲಿ ಹಸಿರು ಕಿಲುಬು ಕಟ್ಟಿ, ದಪ್ಪ ತಂತಿಯ ಗುಂಡಿ ಬೆರಳಿಗೆ ಜಗ್ಗದೆ, ಇಕ್ಕಳ ಹಾಕಿ ತಿರುಗಿಸಿ ಗೀರು ಬಿದ್ದು ನನ್ನ ಮೇಜಿಗೆ ಬರುತ್ತವೆ. ತಂತಿ ಬದಲಿಸುವಾಗಲೆಲ್ಲ ತಿರುಪು ಬಿಚ್ಚಿ ಒರೆಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ಸಾಕು.

ಇನ್ನೊಂದು ಬದಿಯನ್ನೂ ಹೇಳುತ್ತೇನೆ. ಹಿಂದಕ್ಕೆ ಓರೆಯಾಗಿರುವ ತಲೆಯ ಗಿಟಾರ್ ಸ್ಟ್ಯಾಂಡಿನಿಂದ ಬಿದ್ದರೆ ನಟ್ಟಿನ ಹಿಂದೆಯೇ ಮುರಿಯುತ್ತದೆ. ಅಲ್ಲಿ ಮರದ ಎಳೆ ಕತ್ತರಿಸಿಹೋಗಿರುತ್ತದೆ, ಮೇಲಾಗಿ ಟ್ರಸ್ ರಾಡ್‌ಗೆಂದು ಕೊರೆದ ಗುಳಿಯೂ ಅಲ್ಲೇ. ಹೆಡ್‌ಲೆಸ್‌ಗೆ ಆ ಮುರಿತ ಬರುವ ಪ್ರಶ್ನೆಯೇ ಇಲ್ಲ.

ಮಣಿಪಾಲ ಏಳು ತಂತಿ
ನಾದದ ವಿಷಯದಲ್ಲಿ ವ್ಯತ್ಯಾಸ ಇದೆಯೇ ಅಣ್ಣ?

ಬಿಜೈ ವರ್ಕ್‌ಶಾಪ್
ಗಿಟಾರಿನಲ್ಲಿ ಯಾರೂ ಕಣ್ಣು ಮುಚ್ಚಿ ಹೇಳಲಾರರು ಎಂಬುದು ನನ್ನ ಅಭಿಪ್ರಾಯ. ಬೇಸ್‌ನಲ್ಲಿ ಒಂದು ಕಡೆ ಗೊತ್ತಾಗುತ್ತದೆ. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ (ಎಲ್ಲಕ್ಕಿಂತ ತೆಳುವಾದದ್ದು) ಐದರಿಂದ ಏಳನೆಯ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಬೇಗ ಸತ್ತುಹೋಗುತ್ತದೆ. ನೆಕ್ ಅದೇ ಕಂಪನಕ್ಕೆ ತಾನೂ ನಡುಗಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುವುದೇ ಕಾರಣ. ತುದಿಯ ತೂಕ ಬದಲಾದರೆ ಆ ಜಾಗವೂ ಸರಿಯುತ್ತದೆ. ತಲೆಗೆ ಒಂದು ಲೋಹದ ಕ್ಲಾಂಪ್ ಕಚ್ಚಿಸಿ ಪರೀಕ್ಷಿಸಬಹುದು.

ಉಡುಪಿ ಹಳೆ ಗಿಟಾರ್
ಇವೆಲ್ಲ ಸರಿ ಇರಲಿ. ಹಾಡಿನ ನಡುವೆ ತಂತಿ ಕಡಿದರೆ? ಮೊದಲಿನ ಸ್ಟೈನ್‌ಬರ್ಗರ್‌ಗಳಿಗೆ ಎರಡೂ ತುದಿಯಲ್ಲಿ ಗುಂಡು ಇರುವ ತಂತಿ ಬೇಕು. ಮಂಗಳೂರಿನ ಹಂಪನಕಟ್ಟೆಯಲ್ಲಿ ಕೇಳಿದ ಅಂಗಡಿಗಳಲ್ಲಿ ಅದು ನನಗೆ ಸಿಕ್ಕಿಲ್ಲ. ಈಗಿನವಕ್ಕೆ ಮಾಮೂಲು ತಂತಿ ಸಾಕು ಎನ್ನುತ್ತಾರೆ, ಆದರೆ ತಿರುಪು ಬಿಗಿಯುವ ಆಲನ್ ಕೀ ಹುಡುಕಿ, ತುದಿ ಬಿಗಿದು, ಉಳಿದದ್ದನ್ನು ಕತ್ತರಿಸುವಾಗ ಜನ ಊಟದ ಹಾಲ್‌ಗೆ ಹೋಗಿರುತ್ತಾರೆ. ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್ ಸಿಕ್ಕಿಸಲು ತಲೆಯ ಜಾಗವೂ ಇಲ್ಲ.

ಮಲ್ಪೆ ಅಲೆ
ಬೇಸ್ ತಂತಿ ಕಡಿಯುವುದು ಅಪರೂಪ ಸರ್. ಟ್ಯೂನರ್‌ಗೆ ಕಾಲಿನ ಪೆಡಲ್ ಇದೆ, ಮದುವೆ ಮನೆಯ ಗದ್ದಲದಲ್ಲಿ ಕ್ಲಿಪ್‌ಗಿಂತ ಅದೇ ನಿಖರ. ವೀಣೆಯ ಮಾತೆತ್ತಿದ್ದೀರಲ್ಲ, ಕುದುರೆಯ (ವೀಣೆಯ ಬ್ರಿಡ್ಜ್) ಆಚೆ ಲಂಗರಿನ ಉಂಗುರಗಳನ್ನು ಜರುಗಿಸಿ ಸೂಕ್ಷ್ಮ ಶ್ರುತಿ ತಿದ್ದುವುದನ್ನು ನೀವೂ ನೋಡಿದ್ದೀರಿ. ವಯಲಿನ್‌ನ ಸಣ್ಣ ತಿರುಪುಗಳೂ ಬಾಲದ ಕಡೆಗೇ ಇವೆ. ಆ ತುದಿಯಲ್ಲಿ ಶ್ರುತಿ ಮಾಡುವುದು ನಮಗೆ ಹೊಸತಲ್ಲ.

ಉಡುಪಿ ಹಳೆ ಗಿಟಾರ್
ಲಂಗರು ಇದ್ದೂ ಮೇಲೆ ಶ್ರುತಿಯ ಬಿರಡೆ ಇದೆ, ಯಾಳಿಯೂ ಇದೆ. ಅದನ್ನೇ ನಾನು ಹೇಳುತ್ತಿರುವುದು. ಭುಜ ನೋಯುವವರು ಹೆಡ್‌ಲೆಸ್ ನುಡಿಸಲಿ, ನನ್ನ ತಕರಾರಿಲ್ಲ. ಮಕ್ಕಳಿಗೆ ಮೊದಲ ಗಿಟಾರ್ ಕೊಡಿಸುವವರು ಮಾತ್ರ ತಲೆಯಿರುವುದನ್ನೇ ಕೊಡಿಸಿ. ತಂತಿ ಸುತ್ತುವುದನ್ನು, ಕೀ ತಿರುಗಿಸಿ ಕಿವಿ ಪಳಗಿಸುವುದನ್ನು ಅವರು ಅದರಲ್ಲೇ ಕಲಿಯಬೇಕು.

ಕುಲಶೇಖರ ಬೇಸ್
ಬಿಜೈ ಅಣ್ಣ, ನನ್ನದು ಮರದ ನೆಕ್, ಬ್ರಿಡ್ಜ್ ಎಂಥ ಲೋಹವೆಂದು ಪೆಟ್ಟಿಗೆಯಲ್ಲಿ ಬರೆದಿಲ್ಲ. ಈ ವಾರವೇ ತಂದು ತೋರಿಸುತ್ತೇನೆ. ಗಾಯಕರಿಗೆ ಹೇಳಿಯಾಗಿದೆ, ಬರುವ ರೋಸ್ (ಮದುವೆಯ ಮುಂಚಿನ ತೆಂಗಿನಹಾಲಿನ ಶಾಸ್ತ್ರ) ಕಾರ್ಯಕ್ರಮಕ್ಕೆ ಹೆಡ್‌ಲೆಸ್ ಹಿಡಿದೇ ಬರುತ್ತೇನೆ ಎಂದು. ಡ್ರಮ್ಸ್‌ನವರಿಗೆ ಸನ್ನೆ ಹೇಗೆ ಕೊಡಬೇಕೆಂದು ಶನಿವಾರ ಅಭ್ಯಾಸದಲ್ಲಿ ಕೂತು ನಿಶ್ಚಯಿಸುತ್ತೇವೆ.