ಆ್ಯಪ್ ಡೆವಲಪರ್‌ಗೆ ಕೇಳಿ: ಕೋಲಾರ–ಚಿಕ್ಕಬಳ್ಳಾಪುರ ಗುಂಪಿನ ಪ್ರಶ್ನೋತ್ತರ

ಮಾಲೂರು: ಸಾರ್, ಪ್ಲೇ ಕನ್ಸೋಲ್ (ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕೋ ಗೂಗಲ್ ಸೈಟ್) ಅಕೌಂಟ್ ಹೊಸದು. ಪ್ರೊಡಕ್ಷನ್‌ಗೆ, ಅಂದ್ರೆ ಎಲ್ಲರಿಗೂ ಸಿಗೋ ಹಾಗೆ, ಹಾಕೋಕೆ ಬಿಡ್ತಿಲ್ಲ, ಯಾಕೆ?

ಡೆವಲಪರ್: 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಅಕೌಂಟ್ ಆದರೆ ಮೊದಲು ಕ್ಲೋಸ್ಡ್ ಟೆಸ್ಟ್ (ಆಯ್ದ ಜನರಿಗೆ ಮಾತ್ರ ಕೊಟ್ಟು ನೋಡೋದು) ಆಗಬೇಕು. ಕನಿಷ್ಠ 12 ಟೆಸ್ಟರ್, ಸತತ 14 ದಿನ. ಇಂಟರ್ನಲ್ ಟೆಸ್ಟ್‌ಗೆ ಸೇರಿಸಿದವರು ಲೆಕ್ಕಕ್ಕೆ ಬರಲ್ಲ. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಅರ್ಜಿ ಹಾಕಿ.

ಮುಳಬಾಗಿಲು: ಹಾಲಿನ ಲೆಕ್ಕದ ಆ್ಯಪ್ ಮಾಡಿದ್ದೆ. ಲೀಟರ್, ಫ್ಯಾಟ್, ಬಟವಾಡೆ ಎಲ್ಲ ಅದರಲ್ಲೇ. 60 ಫೋನ್‌ಗೆ ವಾಟ್ಸಾಪ್‌ನಲ್ಲೇ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್) ಕಳಿಸಿದ್ದು. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯ್ತು. ಕೋಡ್ ಗಿಟ್‌ಹಬ್‌ನಲ್ಲಿದೆ, ಆದರೆ ಹೊಸ ಬಿಲ್ಡ್ ಹಾಕಿದರೆ 'ಆ್ಯಪ್ ಇನ್‌ಸ್ಟಾಲ್ ಆಗಿಲ್ಲ' ಅಂತ ಬರುತ್ತೆ. ಸರ್ವರ್ ಇಲ್ಲ, ಲೆಕ್ಕ ಎಲ್ಲ ಫೋನಲ್ಲೇ. ರಿಲೀಸ್ ಬಿಲ್ಡ್ ಮಾಡೇ ಇಲ್ಲ, ಪರೀಕ್ಷೆಗೆ ಅಂತ ಮಾಡೋ ಡೀಬಗ್ ಎಪಿಕೆನೇ ಕೊಟ್ಟಿದ್ದು.

ಚಿಂತಾಮಣಿ: ಫಾರ್ವರ್ಡ್ ಬಂದಿದ್ದು: ಪ್ಲೇ ಪ್ರೊಟೆಕ್ಟ್ (ಗೂಗಲ್‌ನ ಆ್ಯಪ್ ಸುರಕ್ಷತಾ ತಪಾಸಣೆ) ಆಫ್ ಮಾಡಿ, ಹಳೇದು ಅನ್‌ಇನ್‌ಸ್ಟಾಲ್ ಮಾಡಿ ಹೊಸದು ಹಾಕಿ. 100% ಗ್ಯಾರಂಟಿ.

ಡೆವಲಪರ್: ಮುಳಬಾಗಿಲಿನವರೇ, ಒಂದು ಫೋನಿನಲ್ಲೂ ಅನ್‌ಇನ್‌ಸ್ಟಾಲ್ ಮಾಡಿಸಬೇಡಿ. ಮಾಡಿದರೆ ಆ ರೈತರ ಲೆಕ್ಕ ಅಲ್ಲಿಗೆ ಮುಗಿಯಿತು. ಈಗಲೇ ಎಲ್ಲರಿಗೂ ಮೆಸೇಜ್ ಹಾಕಿ, ಆಮೇಲೆ ಮುಂದೆ ಓದಿ.

ಪ್ಲೇ ಪ್ರೊಟೆಕ್ಟ್‌ಗೂ ಇದಕ್ಕೂ ಸಂಬಂಧವಿಲ್ಲ. ಡೀಬಗ್ ಬಿಲ್ಡ್‌ಗೆ ಸಹಿ ಹಾಕುವ ಕೀಲಿಯನ್ನು ಪ್ರತಿ ಕಂಪ್ಯೂಟರೂ ತಾನೇ ಹುಟ್ಟಿಸಿಕೊಳ್ಳುತ್ತೆ. ಫಾರ್ಮ್ಯಾಟ್ ಆದಾಗ ಹಳೇ ಕೀಲಿ ಹೋಯ್ತು. ಸಹಿ ಬೇರೆ ಆದ್ದರಿಂದ ಆಂಡ್ರಾಯ್ಡ್ ಅಪ್‌ಡೇಟ್ ಒಪ್ಪುತ್ತಿಲ್ಲ.

ಮೊದಲು ಕೀಲಿ ಹುಡುಕಿ. ಹೋಮ್ ಫೋಲ್ಡರ್ ಒಳಗಿನ ಡಾಟ್-ಆಂಡ್ರಾಯ್ಡ್ (.android) ಫೋಲ್ಡರ್‌ನಲ್ಲಿ ಕೀಲಿ ಇರುವ ಡೀಬಗ್ ಕೀಸ್ಟೋರ್ ಫೈಲ್ ಇರುತ್ತೆ. ಹಳೇ ಬ್ಯಾಕಪ್, ಹಾರ್ಡ್ ಡಿಸ್ಕ್ ಎಲ್ಲಾ ನೋಡಿ. ಸಿಕ್ಕರೆ ಕೀಟೂಲ್ ಅನ್ನೋ ಕಮಾಂಡ್‌ನಲ್ಲಿ ಅದರ ಶಾ-256 (ಕೀಲಿಯ ಬೆರಳಚ್ಚಿನಂಥ ಗುರುತು) ತೆಗೆದು, ವಾಟ್ಸಾಪ್‌ನಲ್ಲಿರುವ ಹಳೇ ಎಪಿಕೆಗೆ ಎಪಿಕೆಸೈನರ್ (ಸಹಿ ನೋಡುವ ಟೂಲ್) ತೋರಿಸುವ ಶಾ-256 ಜೊತೆ ಹೋಲಿಸಿ. ಹೊಂದಿದರೆ ಅದೇ ಕೀಲಿಯಲ್ಲಿ ಒಂದು ಅಪ್‌ಡೇಟ್ ಕೊಟ್ಟು, ಮೊದಲ ಕೆಲಸವಾಗಿ ಎಕ್ಸ್‌ಪೋರ್ಟ್ ಬಟನ್ ಸೇರಿಸಿ.

ಸಿಗದಿದ್ದರೂ ದಾರಿ ಇದೆ. ಡೀಬಗ್ ಬಿಲ್ಡ್ ಆದ್ದರಿಂದ ಎಡಿಬಿಯ (ಕಂಪ್ಯೂಟರ್‌ನಿಂದ ಫೋನ್‌ಗೆ ಕಮಾಂಡ್ ಕೊಡುವ ಟೂಲ್) ರನ್-ಆಸ್ ಕಮಾಂಡ್ ನಿಮ್ಮ ಆ್ಯಪ್‌ನ ಫೋಲ್ಡರ್ ಒಳಗೆ ಬಿಡುತ್ತೆ. ಫೋನಿನಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಆ್ಯಪ್ ಫೋರ್ಸ್ ಸ್ಟಾಪ್ ಮಾಡಿ, ಡೇಟಾಬೇಸ್ ಫೈಲ್ ಹೊರಗೆ ತೆಗೆಯಿರಿ. ಅದರ ಪಕ್ಕದಲ್ಲಿ ವಾಲ್ (-wal) ಅಂತ ಕೊನೆಯಾಗುವ ಫೈಲ್ ಇದ್ದರೆ ಅದೂ ಬೇಕೇ ಬೇಕು, ಇತ್ತೀಚಿನ ಎಂಟ್ರಿಗಳು ಅದರಲ್ಲೇ ಉಳಿದಿರಬಹುದು. ಇದನ್ನು ಬಿಟ್ಟರೆ ಕೊನೇ ದಿನಗಳ ಹಾಲು ಮಾಯ. ನಂತರ ಬೇರೆ ಅಪ್ಲಿಕೇಶನ್ ಐಡಿ (ಆ್ಯಪ್ ಅನ್ನು ಫೋನ್ ಗುರುತಿಸುವ ಹೆಸರು), ಹೊಸ ರಿಲೀಸ್ ಕೀಲಿ ಬಳಸಿ ಬಿಲ್ಡ್ ಮಾಡಿ. ಹೊಸ ಆ್ಯಪ್ ಹಳೇದರ ಪಕ್ಕದಲ್ಲೇ ಕೂರುತ್ತೆ. ಇಂಪೋರ್ಟ್ ಮಾಡಿ, ಎರಡರ ಮೊತ್ತ ತಾಳೆಯಾಗೋವರೆಗೆ ಹಳೇದನ್ನು ಮುಟ್ಟಬೇಡಿ.

ಬಂಗಾರಪೇಟೆ: ಇದಕ್ಕೇ ಪ್ಲೇ ಸ್ಟೋರ್‌ಗೆ ಹಾಕಿ ಅನ್ನೋದು. ಪ್ಲೇ ಆ್ಯಪ್ ಸೈನಿಂಗ್‌ನಲ್ಲಿ ಅಸಲಿ ಕೀಲಿ ಗೂಗಲ್ ಹತ್ರ ಇರುತ್ತೆ. ನಾವು ಗೂಗಲ್‌ಗೆ ಕಳಿಸೋವಾಗ ಬಳಸೋ ಅಪ್‌ಲೋಡ್ ಕೀಲಿ ಕಳೆದರೂ ರೀಸೆಟ್ ಕೇಳಬಹುದು.

ಶ್ರೀನಿವಾಸಪುರ: 25 ಡಾಲರ್ ಕಟ್ಟು, 14 ದಿನ ಕಾಯಿ, ವರ್ಷವರ್ಷ ಟಾರ್ಗೆಟ್ ಎಪಿಐ (ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಅನ್ನೋ ಸಂಖ್ಯೆ) ಏರಿಸು. 60 ಜನಕ್ಕೆ ಇಷ್ಟೆಲ್ಲಾ ಬೇಕಾ?

ಬಂಗಾರಪೇಟೆ: ವೆರಿಫೈ ಆಗದ ಡೆವಲಪರ್‌ಗಳ ಎಪಿಕೆಗೆ 2026ರ ಸೆಪ್ಟೆಂಬರ್‌ನಿಂದ ತಡೆ ಅಂತ ಗೂಗಲ್ 2025ರಲ್ಲೇ ಹೇಳಿದೆ.

ಶ್ರೀನಿವಾಸಪುರ: ಅದು ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ಗೆ. ಪೂರ್ತಿ ಓದಿ ಮಾತಾಡಿ.

ಬಂಗಾರಪೇಟೆ: 2027ರಿಂದ ಉಳಿದ ದೇಶಕ್ಕೂ ಅಂತ ಅದರ ಕೆಳಗೇ ಇದೆ. ಪೂರ್ತಿ ಓದದೇ ಇರೋದು ಯಾರು?



ಶಿಡ್ಲಘಟ್ಟ: ಬಟನ್‌ನಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗ್ತಿದೆ.

ಡೆವಲಪರ್: ಎತ್ತರ ಫಿಕ್ಸ್ ಮಾಡಿದ್ದೀರಿ. ವ್ರ್ಯಾಪ್ ಕಂಟೆಂಟ್ (ಅಕ್ಷರಕ್ಕೆ ತಕ್ಕ ಎತ್ತರ) ಕೊಡಿ, ಫಾಂಟ್ ಪ್ಯಾಡಿಂಗ್ (ಅಕ್ಷರದ ಮೇಲೆ-ಕೆಳಗಿನ ಜಾಗ) ಫಾಲ್ಸ್ ಮಾಡಿದ್ದರೆ ತೆಗೆಯಿರಿ.

ವೇಮಗಲ್: 12 ಟೆಸ್ಟರ್ ಕಡ್ಡಾಯನಾ ಸಾರ್?

ಡೆವಲಪರ್: ಮೇಲೆ ಓದಿ.

ಚಿಂತಾಮಣಿ: ಇನ್ನೊಂದು ಫಾರ್ವರ್ಡ್ ಇದೆ. 12 ಜಿಮೇಲ್ ನಾವೇ ಮಾಡಿಕೊಂಡು ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್ ಒಳಗಿನ ನಕಲಿ ಫೋನ್) ಓಡಿಸಿದರೆ ಸಾಕಂತೆ. ಸಹಿ ಸಮಸ್ಯೆಗೂ ಫೋನ್ ರೂಟ್ ಮಾಡಿ (ಸಿಸ್ಟಮ್ ಮೇಲೆ ಪೂರ್ತಿ ಹಿಡಿತ ತಗೊಂಡು) ಸಿಗ್ನೇಚರ್ ಚೆಕ್ ಆಫ್ ಮಾಡೋ ಟೂಲ್ ಇದೆ.

ಡೆವಲಪರ್: ದಯವಿಟ್ಟು ನಿಲ್ಲಿಸಿ. ಬಹುತೇಕ ಫೋನ್‌ಗಳಲ್ಲಿ ರೂಟ್ ಮಾಡೋಕೆ ಬೂಟ್‌ಲೋಡರ್ (ಫೋನನ್ನು ಶುರು ಮಾಡುವ ಪ್ರೋಗ್ರಾಂ) ಅನ್‌ಲಾಕ್ ಮಾಡಿದರೆ ಫೋನ್ ಪೂರ್ತಿ ಅಳಿಸಿಹೋಗುತ್ತೆ. ಉಳಿಸಬೇಕಾದ್ದೇ ಹೋದ ಮೇಲೆ ಸಹಿ ತಗೊಂಡು ಏನು ಮಾಡ್ತಾರೆ? ನಕಲಿ ಟೆಸ್ಟರ್ ಹಾಕಿದರೆ ಅಕೌಂಟೇ ಹೋಗಬಹುದು. ಮಾಡಿ ನೋಡದೇ ಇದ್ದದ್ದನ್ನು ಇಲ್ಲಿ ಹಾಕಬೇಡಿ.

ಚಿಂತಾಮಣಿ: ಸಹಾಯ ಮಾಡೋಕೆ ಹಾಕಿದ್ದು, ಇಷ್ಟು ಗರಂ ಆಗೋದೇನಿದೆ?

ಮುಳಬಾಗಿಲು: ಮನೆಯ ಡೆಸ್ಕ್‌ಟಾಪ್‌ನಲ್ಲಿ ಡೀಬಗ್ ಕೀಸ್ಟೋರ್ ಒಂದಿದೆ. ಶಾ-256 ಬೇರೆ ಬರ್ತಿದೆ.

ಡೆವಲಪರ್: ಅದು ಆ ಡೆಸ್ಕ್‌ಟಾಪ್‌ನ ಸ್ವಂತ ಕೀಲಿ, ಪ್ರಯೋಜನವಿಲ್ಲ. ರನ್-ಆಸ್ ದಾರಿಯೇ ಹಿಡಿಯಿರಿ. ಮೊದಲು ನಿಮ್ಮದೇ ಫೋನಿನಲ್ಲಿ ಪೂರ್ತಿ ಮಾಡಿ ಮೊತ್ತ ತಾಳೆ ನೋಡಿ. ಬಟವಾಡೆ ಹತ್ತಿರ ಇರುವವರ ಫೋನ್ ಆಮೇಲೆ, ಮಿಕ್ಕವರದು ಕೊನೆಗೆ.