ಸಹಾಯ ಬೇಕು: ರಾತ್ರಿಯಿಡೀ ಬಾಟಲಿ, ನಿದ್ದೆ ಮಾತ್ರ ಇಲ್ಲ

ನಮಸ್ಕಾರ. ಮಗಳಿಗೆ ಈಗ ಒಂಬತ್ತು ವಾರ. ಎದೆಹಾಲು ಸಾಲದೆ ವೈದ್ಯರ ಸಲಹೆಯಂತೆ ಡಬ್ಬಿ ಹಾಲು ಕೊಡುತ್ತಿದ್ದೇವೆ. ಹಗಲು ಮೂರು ಗಂಟೆಗೊಮ್ಮೆ 90 ಮಿ.ಲೀ. ಗಟಗಟನೆ ಕುಡಿದು ತೊಟ್ಟಿಲಲ್ಲಿ ಹಾಯಾಗಿ ಮಲಗುತ್ತಾಳೆ. ಕತ್ತಲಾದರೆ ಕಥೆಯೇ ಬೇರೆ. ಒಂದೂವರೆ ಗಂಟೆಗೊಮ್ಮೆ ಎದ್ದು ಅಳುತ್ತಾಳೆ, 30 ಮಿ.ಲೀ. ಮುಗಿಯುವಷ್ಟರಲ್ಲಿ ನಿಪ್ಪಲ್ ಕಚ್ಚಿಕೊಂಡೇ ನಿದ್ದೆ. ಹೆಗಲಿಗೆ ಹಾಕಿ ತೇಗು ಬರಿಸಿ ಮಲಗಿಸಿದರೆ ಮತ್ತೆ ಕಣ್ಣು ಪಿಳಿಪಿಳಿ! ಉಳಿದ ಹಾಲನ್ನು ಇಟ್ಟು ಕೊಡುವಂತಿಲ್ಲ, ಚೆಲ್ಲಬೇಕು. ಬೆಳಗ್ಗೆ ಸಿಂಕಿನಲ್ಲಿ ಕುದಿಸಬೇಕಾದ ಆರು ಬಾಟಲಿಗಳು ಕಾದಿರುತ್ತವೆ.

ಇನ್ನೊಂದು ಚಮಚ ಪುಡಿ ಹಾಕು, ಹಾಲು ಗಟ್ಟಿಯಾದರೆ ನಿದ್ದೆ ಬರುತ್ತದೆ ಎನ್ನುತ್ತಾರೆ ಅತ್ತೆ. ನಮ್ಮ ಡಬ್ಬಿಯ ಮೇಲೆ 30 ಮಿ.ಲೀ. ನೀರಿಗೆ ಒಂದೇ ಸಮ ಚಮಚ ಎಂದಿದೆ. ಮೀರುವ ಧೈರ್ಯ ನನಗಿಲ್ಲ. ರಾಗಿ ಸರಿಯೂ ಆರು ತಿಂಗಳವರೆಗೆ ಬೇಡವೆಂದು ವೈದ್ಯರು ಹೇಳಿದ್ದಾರೆ. (ಬೆಳಗಿನ ಜಾವ ಮಗುವನ್ನು ಎತ್ತಿಕೊಂಡು ಓಡಾಡುವವರು ಅತ್ತೆಯೇ, ದೂರುತ್ತಿಲ್ಲ.)

ಹಗಲು ರಾತ್ರಿ ಅದಲುಬದಲಾದ ಮಗುವನ್ನು ದಾರಿಗೆ ತಂದವರು ಯಾರಾದರೂ ಇದ್ದೀರಾ? ಸಂಜೆಯ ಸ್ನಾನ, ಮಂದ ದೀಪ ನೆರವಾಯಿತೇ? ರಾತ್ರಿ ಅತ್ತ ಕೂಡಲೇ ಬಾಟಲಿ ಕೊಡಬೇಕೇ ಅಥವಾ ಸ್ವಲ್ಪ ಹೊತ್ತು ತಟ್ಟಿ ನೋಡಬಹುದೇ? ಹಸಿವಿನ ಅಳು, ನಿದ್ದೆಯ ಅಳು ನನಗಿನ್ನೂ ಒಂದೇ ಥರ ಕೇಳಿಸುತ್ತವೆ.